ಕಲ್ಲಿನ ಬೇನೆಯೂ ತಾಲ್ಲೂಕು ಆಸ್ಪತ್ರೆಗಳೂ

ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಬೇನೆಯು ನಮ್ಮ ಸೀಮೆಯವರಿಗೆ ಅಪರಿಚಿತವಾದುದೇನೂ ಅಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಜಗಲಿಯ ಮೇಲೆ ಕುಳಿತು ವಿಚಾರಿಸಿದರೂ, ತನಗಾಗಲಿ ತನ್ನ ಮನೆಯವರಿಗಾಗಲಿ ಈ ಬೇನೆ ಬಂದಿತ್ತೆಂದು ಹೇಳುವವರು ಸಿಕ್ಕದೆ ಇರರು. ಬೇನೆಯನ್ನು ಹೇಳುವುದರ ಜೊತೆಗೇ ಅದಕ್ಕೆ ಮದ್ದನ್ನೂ ಹೇಳುವರು. ಒಬ್ಬರು ಬಾಳೆದಿಂಡಿನ ರಸವೆನ್ನುವರು. ಮತ್ತೊಬ್ಬರು ಹುರುಳಿಯ ಕಟ್ಟೆನ್ನುವರು. ಮೂರನೆಯವರು ಬೆಂಗಳೂರಿಗೆ ಹೋಗಿ ಯಂತ್ರದಿಂದ ಪುಡಿಮಾಡಿಸಿಕೊಳ್ಳದೆ ಗತಿಯಿಲ್ಲವೆನ್ನುವರು. ನಾಲ್ಕನೆಯವರು ಒಂದೇ ಚುಚ್ಚುಮದ್ದಿನಿಂದ ತಮಗೆ ಪೂರ್ಣ ಗುಣವಾಯಿತೆಂದು ಆಣೆಯಿಡುವರು. ಈ ನಾಲ್ವರಲ್ಲಿ ಯಾರೂ ಬೇಕೆಂದು ಸುಳ್ಳಾಡುತ್ತಿಲ್ಲ. ಆದರೆ ನಾಲ್ವರ ಕಲ್ಲೂ ಒಂದೇ ಅಳತೆಯದಲ್ಲ, ಒಂದೇ ಸ್ಥಳದಲ್ಲಿದ್ದುದಲ್ಲ, ಒಂದೇ ಪದಾರ್ಥದಿಂದ ಆದುದೂ ಅಲ್ಲ ಎಂಬ ಸಂಗತಿಯು ಮಾತ್ರ ಈ ಹಿತೋಪದೇಶಗಳ ನಡುವೆ ಮರೆತುಹೋಗುತ್ತದೆ.

ಈ ಬೇನೆಯಲ್ಲಿ ಮದ್ದಿಗಿಂತ ಮೊದಲು ಬೇಕಾದುದು ಅಳತೆ. ಕಲ್ಲು ಎಷ್ಟು ದೊಡ್ಡದು, ಎಲ್ಲಿ ಕುಳಿತಿದೆ, ಮೂತ್ರದ ದಾರಿಯನ್ನು ಕಟ್ಟಿದೆಯೋ ಇಲ್ಲವೋ, ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಯಾವ ಚಿಕಿತ್ಸೆಯನ್ನು ಹಿಡಿದರೂ ಅದು ಕತ್ತಲಲ್ಲಿ ತಡಕಾಡಿದಂತೆಯೇ ಸರಿ. ಉತ್ತರವನ್ನು ಪಡೆಯುವುದು ರೋಗಿಯ ಕರ್ತವ್ಯ. ಅದನ್ನು ತಾಲ್ಲೂಕು ಕೇಂದ್ರದಲ್ಲಿಯೇ ದೊರಕುವಂತೆ ಮಾಡುವುದು ಸರ್ಕಾರದವರ ಕರ್ತವ್ಯ. ಈ ಎರಡು ಕರ್ತವ್ಯಗಳನ್ನು ಕುರಿತು ವಾಚಕ ಮಹಾಶಯರಲ್ಲಿಯೂ ಅಧಿಕಾರಿವರ್ಗದವರಲ್ಲಿಯೂ ಕೆಲವು ಮಾತುಗಳನ್ನು ವಿಜ್ಞಾಪಿಸಿಕೊಳ್ಳುವುದು ಅವಶ್ಯವೆಂದು ನಮಗೆ ತೋರಿದೆ.

ರೋಗವು ಬಹು ಪುರಾತನವಾದುದು. ನಮ್ಮ ಸುಶ್ರುತಸಂಹಿತೆಯು ಇದನ್ನು ಅಶ್ಮರಿಯೆಂದು ಕರೆದು, ವಾತ, ಪಿತ್ತ, ಕಫ, ಶುಕ್ರಗಳಿಂದ ಹುಟ್ಟುವ ನಾಲ್ಕು ಬಗೆಗಳನ್ನು ಹೇಳಿ, ಮೊದಲು ಔಷಧಗಳನ್ನೂ ಅವು ಫಲಿಸದಿದ್ದಲ್ಲಿ ಶಸ್ತ್ರಕ್ರಿಯೆಯನ್ನೂ ವಿಧಿಸಿದೆ. ಮೂತ್ರಾಶಯದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರಿಸುವುದಕ್ಕೆ ಮುಂಚೆ ಆ ಗ್ರಂಥವು ವೈದ್ಯನಿಗೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ: ಕೈಗುಣವುಳ್ಳವನಿಗೂ ಈ ಕಾರ್ಯದಲ್ಲಿ ಸಿದ್ಧಿಯು ಸಂದೇಹಾಸ್ಪದವಾದುದರಿಂದ, ಪ್ರಭುವಿಗೆ ಅರಿಕೆಮಾಡಿ ಅಪ್ಪಣೆ ಪಡೆದೇ ತೊಡಗಬೇಕು. ಗ್ರೀಸ್ ದೇಶದ ಹಿಪೋಕ್ರೇಟಸನ ಹೆಸರಿನ ಪ್ರತಿಜ್ಞೆಯಲ್ಲಿಯೂ, ಕಲ್ಲನ್ನು ಕೊಯ್ಯುವ ಕೆಲಸಕ್ಕೆ ವೈದ್ಯನು ತಾನೇ ಕೈಹಾಕದೆ ಅದರಲ್ಲಿ ಪಳಗಿದವರಿಗೆ ಬಿಡತಕ್ಕದ್ದೆಂದು ಇದೆ. ಎರಡು ದೇಶಗಳ ಪೂರ್ವಾಚಾರ್ಯರೂ ಹೀಗೆ ಅಂಜಿ ನಡೆದ ರೋಗವನ್ನು ಇಂದು ಸುಲಭವಾಗಿ ಗೆಲ್ಲಬಹುದಾಗಿದೆ. ಗೆಲ್ಲಬಹುದಾದ ಕಾಲದಲ್ಲಿಯೂ ಒಬ್ಬನು ಅಜ್ಞಾನದಿಂದಲೋ ಅನನುಕೂಲದಿಂದಲೋ ತನ್ನ ಮೂತ್ರಪಿಂಡವನ್ನು ಕಳೆದುಕೊಂಡರೆ ಅದು ಯಾರಿಗೂ ಶೋಭೆಯಲ್ಲ.

ಕಲ್ಲು ಹುಟ್ಟುವ ಬಗೆಯು ತಿಳಿಯಲು ಕಷ್ಟವಾದುದಲ್ಲ. ರಕ್ತವನ್ನು ಶೋಧಿಸುವ ಮೂತ್ರಪಿಂಡಗಳೆರಡು ಬೆನ್ನಿನ ಇಕ್ಕೆಲಗಳಲ್ಲಿ ಇವೆಯಷ್ಟೆ. ದೇಹದಲ್ಲಿ ನೀರು ಸಾಲದೆ ಮೂತ್ರವು ಮಂದವಾದರೆ, ಅದರಲ್ಲಿ ಕರಗಿರಬೇಕಾದ ಲವಣಗಳು ಹರಳುಗಟ್ಟುತ್ತವೆ. ಪಾತ್ರೆಯ ತಳದಲ್ಲಿ ಉಪ್ಪು ಕಟ್ಟುವಂತೆಯೇ ಇದು. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನಿಂದ ಆದವು. ಕೆಲವು ಯೂರಿಕ್ ಆಮ್ಲದಿಂದ ಆಗುತ್ತವೆ. ಕೆಲವು ಮೂತ್ರದ ಸೋಂಕಿನಿಂದ ಬೆಳೆಯುತ್ತವೆ. ಅಪರೂಪಕ್ಕೆ ಕೆಲವು ವಂಶಾನುಗತವಾಗಿ ಬರುವ ಸಿಸ್ಟೀನಿನವು. ಕಲ್ಲು ಮೂತ್ರಪಿಂಡದೊಳಗೆ ಸುಮ್ಮನೆ ಕುಳಿತಿರುವವರೆಗೆ ಬಹುಶಃ ನೋವಿಲ್ಲ. ಅದು ಮೂತ್ರನಾಳಕ್ಕೆ ಇಳಿದಾಗಲೇ ಸಂಕಟ. ಆ ನಾಳವು ಸುಮಾರು 25 ಸೆಂಟಿಮೀಟರು ಉದ್ದ, ಕೆಲವೇ ಮಿಲಿಮೀಟರು ಅಗಲ. ಸಿಕ್ಕಿಕೊಂಡ ಕಲ್ಲಿನ ಹಿಂದೆ ಮೂತ್ರವು ನಿಂತು ಮೂತ್ರಪಿಂಡವು ಉಬ್ಬುವಾಗ, ಪಕ್ಕೆಯಿಂದ ತೊಡೆಸಂದಿಯವರೆಗೆ ಇಳಿಯುವ ಆ ಶೂಲೆಯನ್ನು ಅನುಭವಿಸಿದವರೇ ಬಲ್ಲರು.

ಇಲ್ಲಿಯೇ ನಮ್ಮ ಜನರು ಮೋಸಹೋಗುವುದು. ನೋವಿನ ಪ್ರಮಾಣವು ಅಪಾಯದ ಪ್ರಮಾಣವಲ್ಲ. ನಾಲ್ಕು ಮಿಲಿಮೀಟರಿನ ಕಲ್ಲು ನಾಳದಲ್ಲಿ ಸಿಕ್ಕಿ ಗಟ್ಟಿಮುಟ್ಟಾದ ಆಳನ್ನು ನೆಲದ ಮೇಲೆ ಹೊರಳಾಡಿಸೀತು. ಅದೇ, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡವನ್ನೆಲ್ಲ ತುಂಬಿದ ಕಲ್ಲು ವರ್ಷಗಟ್ಟಲೆ ಮಾತಿಲ್ಲದೆ ಇದ್ದೀತು. ಇದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ನಾಳವು ಕಟ್ಟಿಕೊಂಡೇ ಇದ್ದರೂ ಕೆಲವು ದಿನಗಳಲ್ಲಿ ನೋವು ತಾನಾಗಿಯೇ ತಗ್ಗಬಹುದು. ಒತ್ತಡಕ್ಕೆ ಸಿಕ್ಕಿದ ಮೂತ್ರಪಿಂಡವು ತನ್ನ ಕೆಲಸವನ್ನು ಕಡಮೆಮಾಡಿಕೊಳ್ಳುವುದರಿಂದ ಹೀಗಾಗುತ್ತದೆ. ರೋಗಿಯು ಕಲ್ಲು ಹೋಯಿತೆಂದು ಸಂತೋಷಪಡುವನು. ಒಳಗೆ ಮೂತ್ರಪಿಂಡವು ವಾರದಿಂದ ವಾರಕ್ಕೆ ಸೊರಗುತ್ತಿರುವುದು. ಒಂದು ಮೂತ್ರಪಿಂಡವು ಹೋದರೂ ಇನ್ನೊಂದು ಎರಡರ ಭಾರವನ್ನೂ ಹೊರುವುದರಿಂದ, ಹೋದ ಸಂಗತಿಯು ಅನೇಕ ವರ್ಷಗಳವರೆಗೆ ತಿಳಿಯುವುದೇ ಇಲ್ಲ.

ಅರಕಲಗೂಡು ತಾಲ್ಲೂಕಿನ ಒಬ್ಬ ಹೊಗೆಸೊಪ್ಪಿನ ಬೆಳೆಗಾರನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಲಿ. ಸೊಪ್ಪನ್ನು ಹದಗೊಳಿಸುವ ಕಾಲದಲ್ಲಿ ಹಗಲಿರುಳೂ ಬ್ಯಾರನ್ನಿನ ಒಲೆಯ ಮುಂದೆ ಬೆವರುತ್ತಿರುವನು. ನೀರು ಕುಡಿಯಲು ಬಿಡುವಿಲ್ಲ. ಪಕ್ಕೆಯಲ್ಲಿ ಶೂಲೆ ಬಂದಿತು, ಊರಿನ ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆಯನ್ನು ಕೊಂಡನು, ನೋವು ನಿಂತಿತು. ರಾಮನಾಥಪುರದ ಹರಾಜು ಕಟ್ಟೆಗೆ ಸೊಪ್ಪನ್ನು ಸಾಗಿಸುವ ದಿನವು ಹತ್ತಿರವಾಗಿರುವಾಗ, ನಿಂತ ನೋವಿಗೋಸ್ಕರ ಅವನು ಒಂದು ದಿನದ ಕೆಲಸವನ್ನು ಬಿಟ್ಟು, ಸುಮಾರು ಮೂವತ್ತು ಕಿಲೋಮೀಟರು ದೂರದ ಹಾಸನಕ್ಕೆ ಪರೀಕ್ಷೆಗೆಂದು ಹೋಗುವನೆ? ಅರಕಲಗೂಡಿಗೆ ರೈಲುದಾರಿಯೂ ಇಲ್ಲ. ಅವನನ್ನು ಮೂಢನೆಂದು ಹಳಿಯುವುದು ಪಟ್ಟಣವಾಸಿಗಳಾದ ನಮಗೆ ಸುಲಭ. ಪರೀಕ್ಷೆಯು ಅವನ ಸಂತೆಯ ಊರಿನಲ್ಲಿಯೇ, ಅವನ ಸಂತೆಯ ದಿನದಲ್ಲಿಯೇ ದೊರೆಯುವಂತಿದ್ದರೆ ಅವನು ಹೋಗದೆ ಇರುತ್ತಿರಲಿಲ್ಲವೆಂಬುದು ನಮ್ಮ ನಂಬಿಕೆ.

ಪರೀಕ್ಷೆಯೇನೂ ದೊಡ್ಡದಲ್ಲ. ಶಬ್ದತರಂಗಗಳಿಂದ ನೋಡುವ ಅಲ್ಟ್ರಾಸೌಂಡ್ ಪರೀಕ್ಷೆಗೆ ಕೆಲವು ನಿಮಿಷಗಳು ಸಾಕು; ಅದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಬಾಧೆಯಿಲ್ಲ. ನಾಳದ ನಡುವಿನ ಸಣ್ಣ ಕಲ್ಲು ಅದರ ಕಣ್ಣಿಗೆ ಬೀಳದಿದ್ದರೂ, ಮೂತ್ರಪಿಂಡವು ಉಬ್ಬಿರುವುದು ಸಾಮಾನ್ಯವಾಗಿ ಬೀಳುತ್ತದೆ. ಸಂದೇಹವುಳಿದರೆ ಸಿ.ಟಿ. ಸ್ಕ್ಯಾನು ಹೆಚ್ಚುಕಡಮೆ ಎಲ್ಲ ಕಲ್ಲುಗಳನ್ನೂ ಅಳತೆಯ ಸಹಿತವಾಗಿ ತೋರಿಸುತ್ತದೆ. ವಿಕಿರಣವಿರುವುದರಿಂದ ಅದನ್ನು ಗರ್ಭಿಣಿಯರಿಗೆ ಸಾಧ್ಯವಾದಷ್ಟು ವರ್ಜಿಸಬೇಕು. ಜೊತೆಗೆ ಮೂತ್ರದ ಪರೀಕ್ಷೆಯೊಂದು, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆಯೆಂಬ ಪರೀಕ್ಷೆಯೊಂದು. ಇಷ್ಟಾದ ಮೇಲೆ ಯಾವ ಚಿಕಿತ್ಸೆಯೆಂಬ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ತಾನಾಗಿಯೇ ದೊರಕುವುದು.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಕಲ್ಲು ನಾಳಕ್ಕೆ ಇಳಿದಿದ್ದರೆ, ಅದು ತಾನಾಗಿಯೇ ಹೊರಬೀಳುವ ಸಂಭವವೇ ಹೆಚ್ಚು. ಮೂವರಲ್ಲಿ ಸುಮಾರು ಇಬ್ಬರಿಗೆ ಹಾಗಾಗುತ್ತದೆ. ಐದರಿಂದ ಹತ್ತು ಮಿಲಿಮೀಟರಿನವು ಸರಿಸುಮಾರು ಅರ್ಧದಷ್ಟು ಮಾತ್ರ ಬೀಳುತ್ತವೆ. ಇಂಥವರಿಗೆ ನೋವು ಶಮನಮಾಡುವ ಔಷಧವನ್ನು ಕೊಟ್ಟು ನಾಲ್ಕರಿಂದ ಆರು ವಾರ ಕಾಯುವುದುಂಟು. ನಾಳವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಎಂಬ ಗುಳಿಗೆಯು, ನಾಳದ ಕೆಳಭಾಗದಲ್ಲಿರುವ ಐದು ಮಿಲಿಮೀಟರಿಗಿಂತ ದೊಡ್ಡ ಕಲ್ಲುಗಳಿಗೆ ಕೆಲಮಟ್ಟಿಗೆ ಸಹಾಯಕವೆಂದು ಹೇಳುವರು. ಸೀಸೆಗಟ್ಟಲೆ ಸಲೈನನ್ನು ರಕ್ತನಾಳಕ್ಕೆ ಹರಿಸಿ ಕಲ್ಲನ್ನು ಕೊಚ್ಚಿ ತೆಗೆಯಬಹುದೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿದೆ. ವಾಂತಿಯಿಂದ ಬಳಲಿದವರಿಗೆ ಅದು ಬೇಕಾದೀತೇ ಹೊರತು, ಕಲ್ಲನ್ನು ತಳ್ಳುವ ಶಕ್ತಿಯು ಅದಕ್ಕಿದೆಯೆಂಬುದಕ್ಕೆ ಆಧಾರವಿಲ್ಲ. ಕಾಯುವ ಕಾಲದಲ್ಲಿ ಮೂತ್ರವನ್ನು ತೆಳುವಾದ ಬಟ್ಟೆಯಲ್ಲಿ ಶೋಧಿಸಿ, ಬಿದ್ದ ಕಲ್ಲನ್ನು ಪರೀಕ್ಷೆಗೆ ಕೊಡಬೇಕು. ಅದು ಯಾವ ಪದಾರ್ಥವೆಂದು ತಿಳಿದರೆ ಮುಂದಿನದನ್ನು ತಡೆಯುವ ದಾರಿಯೂ ತಿಳಿಯುವುದು. ಕಲ್ಲು ಕೈಗೆ ಸಿಕ್ಕದೆ ನೋವು ಮಾತ್ರ ನಿಂತಿದ್ದರೆ, ಮತ್ತೊಮ್ಮೆ ಸ್ಕ್ಯಾನು ಮಾಡಿಸದೆ ಗುಣವಾಯಿತೆಂದು ತಿಳಿಯತಕ್ಕದ್ದಲ್ಲ.

ಔಷಧದಿಂದ ಕಲ್ಲನ್ನು ಕರಗಿಸಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಯೂರಿಕ್ ಆಮ್ಲದ ಕಲ್ಲನ್ನು ಕರಗಿಸಬಹುದು. ಪೊಟ್ಯಾಸಿಯಂ ಸಿಟ್ರೇಟಿನಂಥ ಔಷಧದಿಂದ ಮೂತ್ರದ ಆಮ್ಲಗುಣವನ್ನು ತಗ್ಗಿಸಿದರೆ ಅದು ಕೆಲವು ವಾರ, ತಿಂಗಳುಗಳಲ್ಲಿ ಕರಗುತ್ತದೆ. ಆದರೆ ಬಹುಜನರಲ್ಲಿ ಇರುವುದು ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲು. ಅದನ್ನು ಕರಗಿಸುವ ಔಷಧವು ಯಾವ ಪದ್ಧತಿಯ ವೈದ್ಯದಲ್ಲಿಯೂ ಇದುವರೆಗೆ ಸಿದ್ಧಪಟ್ಟಿಲ್ಲ.

ತಾನಾಗಿ ಬೀಳದ ಕಲ್ಲಿಗೆ ಮೂರು ಮುಖ್ಯ ಮಾರ್ಗಗಳುಂಟು. ಮೊದಲನೆಯದು ಆಘಾತ ತರಂಗಗಳಿಂದ ಹೊರಗಿನಿಂದಲೇ ಕಲ್ಲನ್ನು ಒಡೆಯುವುದು. ಜರ್ಮನಿಯಲ್ಲಿ ವಿಮಾನ ತಯಾರಿಸುತ್ತಿದ್ದ ಡಾರ್ನಿಯರ್ ಕಂಪನಿಯ ಸಂಶೋಧನೆಯಿಂದ ಹುಟ್ಟಿದ ಈ ಯಂತ್ರವನ್ನು 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಶಾಸ್ಸಿ ಎಂಬ ವೈದ್ಯರೂ ಅವರ ಸಂಗಡಿಗರೂ ಮೊದಲಬಾರಿಗೆ ಮನುಷ್ಯನ ಮೇಲೆ ಪ್ರಯೋಗಿಸಿದರು. ಚರ್ಮವನ್ನು ಕೊಯ್ಯುವ ಪ್ರಮೇಯವಿಲ್ಲ. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲುಗಳಿಗೆ ಇದು ಯೋಗ್ಯ. ಆದರೆ ಬಹಳ ಗಟ್ಟಿಯಾದ ಕಲ್ಲಿಗೂ, ಮೂತ್ರಪಿಂಡದ ಕೆಳಮೂಲೆಯಲ್ಲಿರುವ ಕಲ್ಲಿಗೂ ಫಲವು ಕಡಮೆ, ಮತ್ತು ಎರಡು ಮೂರು ಸಲ ಮಾಡಿಸಬೇಕಾಗಬಹುದು. ಗರ್ಭಿಣಿಯರಿಗೆ ಇದು ನಿಷಿದ್ಧ. ಎರಡನೆಯದು ಮೂತ್ರದ ಸಹಜ ದಾರಿಯಲ್ಲಿಯೇ ಸಣ್ಣ ದೂರದರ್ಶಕ ನಳಿಕೆಯನ್ನು ತೂರಿಸಿ ಲೇಸರ್ ಕಿರಣದಿಂದ ಕಲ್ಲನ್ನು ಪುಡಿಮಾಡುವುದು. ನಾಳದಲ್ಲಿ ಸಿಕ್ಕಿದ ಕಲ್ಲಿಗೆ ಇದು ಬಹು ಉಪಯುಕ್ತ. ಮೂರನೆಯದು, ಬೆನ್ನಿನಲ್ಲಿ ಒಂದು ಸಣ್ಣ ರಂಧ್ರವನ್ನು ಮಾಡಿ ನೇರವಾಗಿ ಮೂತ್ರಪಿಂಡದೊಳಕ್ಕೆ ಹೋಗಿ ಕಲ್ಲನ್ನು ಒಡೆದು ತೆಗೆಯುವುದು. 1976ರಲ್ಲಿ ಸ್ವೀಡನ್ ದೇಶದ ಫರ್ನ್‌ಸ್ಟ್ರೋಮ್ ಮತ್ತು ಜೊಹಾನ್ಸನ್ ಇದನ್ನು ಪ್ರಕಟಿಸಿದರು. ಎರಡು ಸೆಂಟಿಮೀಟರಿಗೂ ಮೇಲ್ಪಟ್ಟ ಕಲ್ಲುಗಳಿಗೆ ಇದೇ ರಾಜಮಾರ್ಗ. ಹಿಂದಿನಂತೆ ಪಕ್ಕೆಯನ್ನು ಉದ್ದಕ್ಕೆ ಸೀಳುವ ಶಸ್ತ್ರಕ್ರಿಯೆಯು ಈಗ ಅತ್ಯಪರೂಪ. ಮೂರರಲ್ಲಿ ಯಾವುದೂ ಎಲ್ಲರಿಗೂ ಮೇಲಾದುದಲ್ಲ. ಕಲ್ಲಿನ ಅಳತೆಯೂ ಸ್ಥಳವೂ ತೀರ್ಮಾನಿಸುವ ವಿಷಯವಿದು. ಆದುದರಿಂದ ರೋಗಿಯು ವೈದ್ಯರನ್ನು ಸಂಕೋಚವಿಲ್ಲದೆ ಕೇಳತಕ್ಕ ಪ್ರಶ್ನೆಗಳು ಇವು: ನನ್ನ ಕಲ್ಲು ಎಷ್ಟು ಮಿಲಿಮೀಟರು? ಎಲ್ಲಿದೆ? ಕಾದು ನೋಡಬಹುದೇ? ಕಾಯುವುದಾದರೆ ಯಾವ ತಾರೀಖಿನವರೆಗೆ?

ಕಾಯಲಾಗದ ಸಂದರ್ಭಗಳೂ ಉಂಟು. ಕಲ್ಲಿನ ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರವು ಸಂಪೂರ್ಣ ನಿಂತರೆ, ಒಂದೇ ಮೂತ್ರಪಿಂಡವುಳ್ಳವರಿಗೆ ಈ ಬೇನೆ ಬಂದರೆ, ಗರ್ಭಿಣಿಗೆ ಬಂದರೆ, ಔಷಧಕ್ಕೂ ಬಗ್ಗದ ವಾಂತಿ ಶೂಲೆಗಳು ಮುಂದುವರಿದರೆ, ಆ ದಿನವೇ, ಆ ಗಳಿಗೆಯೇ ಆಸ್ಪತ್ರೆಯನ್ನು ಸೇರಬೇಕು. ಇವುಗಳಲ್ಲಿ ಜ್ವರವಂತೂ ಅತ್ಯಂತ ಭಯಂಕರ. ಕಟ್ಟಿದ ನಾಳದ ಹಿಂದೆ ಸೋಂಕು ಸೇರಿದರೆ ವಿಷವು ರಕ್ತಕ್ಕೇರಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಆಗ ಮಾಡಬೇಕಾದುದು ಕಲ್ಲನ್ನು ಒಡೆಯುವುದಲ್ಲ. ಮೊದಲು ನಿಂತ ಮೂತ್ರಕ್ಕೆ ನಳಿಕೆಯ ಮೂಲಕ ದಾರಿ ಮಾಡಿಕೊಡುವುದು. ನಾಡಿನಲ್ಲಿ 2008ರಿಂದ ನಡೆಯುತ್ತಿರುವ 108ರ ವಾಹನವು ಹೆರಿಗೆಗೂ ಅಪಘಾತಕ್ಕೂ ಮಾತ್ರವೆಂದು ತಿಳಿದಿರುವವರು ಇಂಥ ಸಮಯದಲ್ಲಿಯೂ ಅದನ್ನು ಕರೆಯಬಹುದೆಂಬುದನ್ನು ನೆನಪಿಡಲಿ.

ಹಾಗೆ ದಾರಿ ಮಾಡುವ ನಳಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎರಡು ತುದಿಗಳೂ ಸುರುಳಿಯಾಗಿರುವ ಮೆತ್ತನೆಯ ಸ್ಟೆಂಟನ್ನು ಮೂತ್ರಪಿಂಡದಿಂದ ಮೂತ್ರಾಶಯದವರೆಗೆ ಇರಿಸಿ ರೋಗಿಯನ್ನು ಮನೆಗೆ ಕಳುಹಿಸುವುದು ವಾಡಿಕೆ. ಅದನ್ನು ಕೆಲವು ವಾರಗಳಲ್ಲಿ, ಸಾಮಾನ್ಯವಾಗಿ ಮೂರು ತಿಂಗಳು ಮೀರದಂತೆ, ತೆಗೆಸಬೇಕು. ತೆಗೆಸದೆ ಬಿಟ್ಟರೆ ಅದರ ಸುತ್ತಲೇ ಕಲ್ಲು ಬೆಳೆಯುತ್ತದೆ. ವರ್ಷಗಳು ಕಳೆದರೆ ಮೂತ್ರಪಿಂಡವೇ ಹೋಗಬಹುದು. ನೋವು ನಿಂತು ಹೊಲದ ಕೆಲಸಕ್ಕೆ ಮರಳಿದವನಿಗೆ ತನ್ನ ದೇಹದೊಳಗೆ ನಳಿಕೆಯೊಂದು ಉಳಿದಿದೆಯೆಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳದೆ, ಇಂಗ್ಲಿಷಿನ ಕಾಗದವೊಂದನ್ನು ಕೈಗೆ ಕೊಟ್ಟು ಕಳುಹಿಸಿದರೆ, ಮರೆತವನು ಅವನೊಬ್ಬನೇ ಎನ್ನಲಾದೀತೆ?

ಮನೆಮದ್ದಿನ ವಿಷಯಕ್ಕೆ ಬರೋಣ. ಬಾಳೆದಿಂಡು, ಹುರುಳಿ, ನೆಗ್ಗಿಲು, ಕಾಡುಬಸಳೆ ಮೊದಲಾದವು ನಮ್ಮ ಹಿರಿಯರ ಅನುಭವದಿಂದ ಬಂದವು. ಅವನ್ನು ಹಾಸ್ಯಮಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಬಾಳೆದಿಂಡಿನ ರಸವನ್ನು ಕುಡಿದು ಕಲ್ಲು ಬಿದ್ದವನ ಕಲ್ಲು ನಾಲ್ಕು ಮಿಲಿಮೀಟರಿನದಾಗಿದ್ದರೆ, ಅದು ರಸವಿಲ್ಲದೆಯೂ ಬೀಳುವ ಸಂಭವವಿತ್ತು. ಅವನ ಮಾತನ್ನು ನಂಬಿ ಹದಿನೈದು ಮಿಲಿಮೀಟರಿನ ಕಲ್ಲುಳ್ಳವನು ಆರು ತಿಂಗಳು ರಸ ಕುಡಿಯುತ್ತ ಕುಳಿತರೆ ಹಾನಿಯು ರಸದಿಂದಲ್ಲ, ಕಳೆದ ಕಾಲದಿಂದ. ದೇಶೀಯ ವೈದ್ಯವನ್ನು ಮೆಚ್ಚುವವರು ಗುರುತಿಲ್ಲದ ಪುಡಿಗಳನ್ನು ನುಂಗದೆ ಓದಿದ ವೈದ್ಯರ ಬಳಿಗೇ ಹೋಗಲಿ. ಹಾಸನದಲ್ಲಿಯೇ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ಇವೆ. ಆಯುರ್ವೇದವಾಗಲಿ ಅಲೋಪತಿಯಾಗಲಿ, ಸ್ಕ್ಯಾನಿನ ಚೀಟಿಯನ್ನು ನೋಡದೆ ಔಷಧ ಕೊಡುವವರಿಂದ ದೂರವಿರುವುದು ಲೇಸು.

ಇನ್ನು, ಮೂರು ದಿನಗಳಲ್ಲಿ ಕಲ್ಲು ಮಾಯವೆಂದು ಬಸ್ ನಿಲ್ದಾಣದ ಗೋಡೆಗಳ ಮೇಲೂ ಕೈಫೋನಿನ ಚಿತ್ರಗಳಲ್ಲಿಯೂ ಸಾರುವವರ ಸಂಗತಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಶಾಸನದ ಅನುಸೂಚಿಯಲ್ಲಿ ಪಿತ್ತಕೋಶ, ಮೂತ್ರಪಿಂಡ, ಮೂತ್ರಾಶಯಗಳ ಕಲ್ಲುಗಳನ್ನು ಸ್ಪಷ್ಟವಾಗಿ ಹೆಸರಿಸಿದೆ. ಇವನ್ನು ವಾಸಿಮಾಡುವುದಾಗಿ ಔಷಧದ ಜಾಹೀರಾತನ್ನು ಹೊರಡಿಸುವುದು ಕಾನೂನಿಗೆ ವಿರುದ್ಧ. ಕಾನೂನಿದ್ದೂ ಗೋಡೆಗಳು ಹಾಗೆಯೇ ಇರುವುದಕ್ಕೆ ಅಧಿಕಾರಿಗಳ ಔದಾಸೀನ್ಯವು ಒಂದು ಕಾರಣವಾದರೆ, ಪತ್ರಿಕೆಗಳ ಲೋಭವು ಇನ್ನೊಂದು. ನಮ್ಮ ಅಂಕಣಗಳಲ್ಲಿ ಅಂಥ ಜಾಹೀರಾತಿಗೆ ಸ್ಥಳವಿಲ್ಲ. ಸಹೋದ್ಯಮಿಗಳೂ ಇದೇ ನಿಯಮವನ್ನು ಪಾಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ಒಮ್ಮೆ ಕಲ್ಲು ಬಂದವರಲ್ಲಿ ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮತ್ತೆ ಬರುವುದುಂಟು. ಅದನ್ನು ತಡೆಯುವ ಮೊದಲನೆಯ ಔಷಧವು ನೀರು. ಇಟಲಿಯ ಪಾರ್ಮಾ ನಗರದ ಬೋರ್ಗಿ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 199 ರೋಗಿಗಳನ್ನು ಐದು ವರ್ಷ ನೋಡಿ 1996ರಲ್ಲಿ ಪ್ರಕಟಿಸಿದ ಪ್ರಕಾರ, ಹೇರಳವಾಗಿ ನೀರು ಕುಡಿದವರಲ್ಲಿ ಶೇಕಡಾ 12 ಮಂದಿಗೆ ಮಾತ್ರ ಕಲ್ಲು ಮರುಕಳಿಸಿತು. ಎಂದಿನಂತೆ ಇದ್ದವರಲ್ಲಿ ಶೇಕಡಾ 27 ಮಂದಿಗೆ. ದಿನಕ್ಕೆ ಎರಡೂವರೆ ಲೀಟರು ಮೂತ್ರವಾಗುವಷ್ಟು ನೀರನ್ನು, ಬೆವರುವವರು ಅದಕ್ಕೂ ಹೆಚ್ಚಾಗಿ, ಕುಡಿಯಬೇಕು. ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆಯುಳ್ಳವರು ಮಾತ್ರ ಇದಕ್ಕೆ ವೈದ್ಯರನ್ನು ಕೇಳಿಕೊಳ್ಳತಕ್ಕದ್ದು. ಹಾಲು ಮೊಸರುಗಳಲ್ಲಿ ಸುಣ್ಣದ ಅಂಶವಿರುವುದರಿಂದ ಅವನ್ನು ಬಿಡಬೇಕೆಂಬ ಉಪದೇಶವು ನಮ್ಮಲ್ಲಿ ಮನೆಮನೆಗೂ ಹಬ್ಬಿದೆ, ಇದು ತಪ್ಪು. ಅದೇ ವಿದ್ವಾಂಸರು 2002ರಲ್ಲಿ 120 ಮಂದಿಯ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಸುಣ್ಣದ ಅಂಶವನ್ನು ಬಿಟ್ಟ 60 ಮಂದಿಯಲ್ಲಿ 23 ಮಂದಿಗೆ ಕಲ್ಲು ಮತ್ತೆ ಬಂದಿತು. ಅದನ್ನು ಎಂದಿನಂತೆ ಉಂಡು ಉಪ್ಪು ಮಾಂಸಗಳನ್ನು ಕಡಮೆಮಾಡಿದ 60 ಮಂದಿಯಲ್ಲಿ 12 ಮಂದಿಗೆ. ಊಟದೊಡನೆ ಸೇರಿದ ಸುಣ್ಣದ ಅಂಶವು ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದುಹಾಕುವುದರಿಂದ ಹೀಗಾಗುತ್ತದೆ. ಮಜ್ಜಿಗೆಯು ಇರಲಿ; ಉಪ್ಪಿನಕಾಯಿ ಹಪ್ಪಳಗಳು ಕಡಮೆಯಾಗಲಿ. ಪಾಲಕ್ ಸೊಪ್ಪು ಮಿತವಾಗಲಿ. ಟೊಮ್ಯಾಟೊ ಬೀಜವೇ ಕಲ್ಲಾಗುತ್ತದೆಂಬುದು ಬರಿಯ ಕಟ್ಟುಕತೆ. ನಿಂಬೆಯ ಪಾನಕವು ಹಿತ, ಸಕ್ಕರೆಯು ಮಿತವಾಗಿದ್ದರೆ.

ಚನ್ನರಾಯಪಟ್ಟಣದ ಕಡೆಯವರು ಕೊಳವೆಬಾವಿಯ ಗಡಸುನೀರನ್ನು ದೂರುವುದುಂಟು. ಗಡಸುನೀರೇ ಕಾರಣವೆಂಬುದು ಶಾಸ್ತ್ರದಿಂದ ಸಿದ್ಧವಾದುದಲ್ಲ. ಯಾವ ನೀರನ್ನೇ ಆಗಲಿ ಸಾಲದಷ್ಟು ಕುಡಿಯುವುದೇ ದೊಡ್ಡ ಕಾರಣ. ಬಡವರ ಊಟಿಯೆಂದು ಹೆಸರಾದ ಹಾಸನದ ತಂಪಿನಲ್ಲಿ ಬಾಯಾರಿಕೆಯೇ ತೋರದು. ಕಚೇರಿಯ ಗುಮಾಸ್ತರು ಕಾಫಿಯ ಲೋಟಗಳಲ್ಲಿಯೇ ದಿನವನ್ನು ಕಳೆಯುವರು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿಯೂ, ಕಾವೇರಿಯ ದಡದ ರಾಮನಾಥಪುರದಲ್ಲಿಯೂ ಹೊಳೆಯು ತುಂಬಿ ಹರಿಯುತ್ತಿರುವಾಗ ನೀರು ಸಾಲದೆ ಕಲ್ಲು ಕಟ್ಟಿಸಿಕೊಳ್ಳುವುದು ವಿಚಿತ್ರವಲ್ಲವೆ? ಆದರೆ ಸ್ತ್ರೀಯರ ವಿಷಯವು ಬೇರೆ. ಆಲೂಗಡ್ಡೆಯ ಹೊಲದಲ್ಲಿ ದುಡಿಯುವ ಹೆಂಗಸೂ, ಶಾಲೆಗೆ ಹೋಗುವ ಹುಡುಗಿಯೂ, ಬಸ್ಸಿನಲ್ಲಿ ದಿನವೂ ಓಡಾಡುವ ಉಪಾಧ್ಯಾಯಿನಿಯೂ ಬೇಕೆಂದೇ ನೀರು ಕುಡಿಯುವುದಿಲ್ಲ. ಏಕೆಂದರೆ ಕುಡಿದರೆ ಹೋಗಲು ಶುಚಿಯಾದ ಶೌಚಾಲಯವಿಲ್ಲ. ಇವರಿಗೆ ನೀರಿನ ಉಪದೇಶ ಮಾಡುವ ಮುಂಚೆ ಪುರಸಭೆಗಳೂ ಪಂಚಾಯಿತಿಗಳೂ ತಮ್ಮ ಕೆಲಸವನ್ನು ಮಾಡಲಿ.

ಸರ್ಕಾರದವರಲ್ಲಿ ನಮ್ಮ ಕೋರಿಕೆಗಳು ನಾಲ್ಕು. ಒಂದನೆಯದಾಗಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆಯು ವಾರದ ಎಲ್ಲ ಕೆಲಸದ ದಿನಗಳಲ್ಲಿಯೂ ನಡೆಯಬೇಕು. ಯಂತ್ರವೊಂದಿದ್ದರೆ ಸಾಲದು, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಶಾಸನದ ಪ್ರಕಾರ ಅದನ್ನು ಅರ್ಹತೆಯುಳ್ಳ, ನೋಂದಾಯಿತರಾದ ವೈದ್ಯರೇ ನಡೆಸಬೇಕು. ಆ ವೈದ್ಯರ ಹುದ್ದೆಯು ಒಂದು ದಿನವೂ ಖಾಲಿ ಬೀಳಬಾರದು. ಎರಡನೆಯದಾಗಿ, ಕಲ್ಲಿನ ಅಳತೆ, ಅದಿರುವ ಸ್ಥಳ, ಊತವುಂಟೋ ಇಲ್ಲವೋ, ಮತ್ತೆ ಯಾವ ದಿನ ಬರಬೇಕು, ಇಷ್ಟನ್ನೂ ಕನ್ನಡದ ಚೀಟಿಯಲ್ಲಿ ಬರೆದುಕೊಡಬೇಕು. ಮೂರನೆಯದಾಗಿ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಕಲ್ಲಿಗೆ ಯಾವ ಯಾವ ಚಿಕಿತ್ಸೆಯು ಯಾವ ದಿನ ದೊರೆಯುವುದು, ದೊರೆಯದವರನ್ನು ಎಲ್ಲಿಗೆ ಕಳುಹಿಸುವರು ಎಂಬುದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಹಲಗೆಯ ಮೇಲೆ ಬರೆದು ನಿಲ್ಲಿಸಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡದ ರೋಗಗಳಿಗೆಂದೇ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಆದರೆ ಹಾಸನದಿಂದ ಅಲ್ಲಿಗೆ ಸುಮಾರು 180 ಕಿಲೋಮೀಟರು. ಅಷ್ಟು ದೂರ ಹೋಗಬೇಕಾದವರು ಹೋಗಲಿ. ಹೋಗಬೇಕಾದ ಪ್ರಮೇಯವೇ ಇಲ್ಲದವರು ಮಾಹಿತಿಯಿಲ್ಲದೆ ಹೋಗಿ ಅಲೆಯುವುದು ತಪ್ಪಬೇಕು. ನಾಲ್ಕನೆಯದಾಗಿ, ಸ್ಟೆಂಟು ಹಾಕಿಸಿಕೊಂಡವರ ಹೆಸರನ್ನು ಆಸ್ಪತ್ರೆಯಲ್ಲಿ ದಾಖಲೆಯಲ್ಲಿ ಬರೆದಿಟ್ಟು, ತೆಗೆಯುವ ದಿನ ಬಂದಾಗ ಅವರನ್ನು ಕರೆಸಬೇಕು. ಮಕ್ಕಳ ಲಸಿಕೆಗೆ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ನೆನಪು ಮಾಡುವ ಇಲಾಖೆಗೆ ಇದು ಅಸಾಧ್ಯವಲ್ಲ.

ಹಣದ ವಿಷಯದಲ್ಲಿ ದಾರಿಯು ಪೂರ್ತಿಯಾಗಿ ಮುಚ್ಚಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಆಶ್ರಯವುಂಟು. ಉಳಿದವರಿಗೆ ನಿಗದಿಯಾದ ವೆಚ್ಚದ ಶೇಕಡಾ 30ರಷ್ಟು ಸಹಾಯವುಂಟು. ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಹುಟ್ಟಿ, 2018ರಲ್ಲಿ ನಿಂತುಹೋಗಿದ್ದ ಯಶಸ್ವಿನಿ ಯೋಜನೆಯು ಮತ್ತೆ ಜಾರಿಗೆ ಬಂದಿದೆ. ಆದರೆ ದೊಡ್ಡ ಚಿಕಿತ್ಸೆಗಳಿಗೆ ಆರೋಗ್ಯ ಕರ್ನಾಟಕದ ಸಹಾಯವನ್ನು ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯು ಬೇಕು. ಇದನ್ನು ತಿಳಿಯದೆ ನೆಟ್ಟಗೆ ಖಾಸಗಿ ಆಸ್ಪತ್ರೆಗೆ ಹೋಗಿ, ಸಾಲಮಾಡಿ ಹಣ ಕಟ್ಟಿ, ಆಮೇಲೆ ಮರುಗುವವರು ಕಡಮೆಯಿಲ್ಲ. ತಾಲ್ಲೂಕು ಕಚೇರಿಗಳಲ್ಲಿಯೂ ಸಹಕಾರ ಸಂಘಗಳಲ್ಲಿಯೂ ಇರುವ ವಿದ್ಯಾವಂತರಾದ ನಮ್ಮ ವಾಚಕರು ಬಳಿಗೆ ಬಂದ ಹಳ್ಳಿಯವರಿಗೆ ಈ ಒಂದು ಮಾತನ್ನು ತಿಳಿಸಿದರೂ ದೊಡ್ಡ ಉಪಕಾರ ಮಾಡಿದಂತಾಗುವುದು.

ಮೇಲೆ ಹೇಳಿದ ಯಾವ ಏರ್ಪಾಡಿಗೂ ಹೊಸ ಕಾನೂನು ಬೇಕಾಗಿಲ್ಲ. ಹೊಸ ಕಟ್ಟಡವೂ ಬೇಕಾಗಿಲ್ಲ. ಬೇಕಾದುದು ಮೂರು ಊರುಗಳಲ್ಲಿ ಮೂವರು ವೈದ್ಯರು, ಮೂರು ಹಲಗೆಗಳು, ಕನ್ನಡದಲ್ಲಿ ಬರೆದ ಚೀಟಿಗಳು ಮತ್ತು ಒಂದು ದಾಖಲೆಯ ಪುಸ್ತಕ. ಸುಶ್ರುತನ ಕಾಲದಲ್ಲಿ ವೈದ್ಯನು ಕಲ್ಲಿಗೆ ಕೈಹಾಕುವ ಮುಂಚೆ ಪ್ರಭುವಿನ ಅಪ್ಪಣೆಯನ್ನು ಬೇಡಬೇಕಾಗಿತ್ತು. ಪ್ರಜೆಗಳೇ ಪ್ರಭುಗಳಾದ ಈ ಕಾಲದಲ್ಲಿ ಅಪ್ಪಣೆ ಕೊಡಬೇಕಾದವರು ನಾವೇ. ಜಿಲ್ಲೆಯ ಶಾಸಕರೂ, ಜಿಲ್ಲಾ ಆರೋಗ್ಯಾಧಿಕಾರಿಗಳೂ ಈ ವಿಷಯಕ್ಕೆ ತಕ್ಷಣ ಗಮನಕೊಡುವರೆಂದು ನಂಬುತ್ತೇವೆ. ಅಷ್ಟರಲ್ಲಿ, ಪಕ್ಕೆನೋವು ಬಂದು ನಿಂತುಹೋದವರು ಯಾರಾದರೂ ಈ ಸಾಲುಗಳನ್ನು ಓದುತ್ತಿದ್ದರೆ, ನಿಂತಿತೆಂದು ಸುಮ್ಮನಿರದೆ ಈ ವಾರವೇ ಒಂದು ಸ್ಕ್ಯಾನು ಮಾಡಿಸಿಕೊಳ್ಳಲಿ.